ಕೂರಿಸುವವನು

"ಯಾರ ಮನೇಲಿ ರೇವಣ್ಣ?"

ಬಸ್ಸು ತರೀಕೆರೆ ನಿಲ್ದಾಣ ಬಿಟ್ಟು ಇನ್ನೂ ಪೇಟೆಬೀದಿ ದಾಟಿರಲಿಲ್ಲ. ಹಿಂದಿನ ಸೀಟಿನಿಂದ ಸಿಂಗಟಗೆರೆಯ ತೀರ್ಥಪ್ಪ ಕತ್ತು ಚಾಚಿ ಕೇಳಿಯೇಬಿಟ್ಟ. ಬಾಯಿ ತುಂಬ ಎಲೆಯಡಿಕೆ ಇದ್ದರೂ ದನಿ ತಗ್ಗಿಸಿದ್ದ. ಸಾವಿನ ಮನೆಯ ಬಾಗಿಲಲ್ಲಿ ಜನ ಎಷ್ಟು ತಗ್ಗಿಸುತ್ತಾರೋ ಅಷ್ಟೇ. ರೇವಣಪ್ಪ ತೊಡೆಯ ಮೇಲಿದ್ದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡು, "ಯಾರೂ ಇಲ್ಲ ಕಣಪ್ಪ, ಔಷಧಿಗೆ ಬಂದಿದ್ದೆ" ಅಂದ. "ಓ, ಹಂಗಾ," ಅಂದ ತೀರ್ಥಪ್ಪ, "ನಾನು ಯಾರಾದ್ರೂ ಹೋದ್ರೇನೋ ಅಂದ್ಕಂಡೆ." ಯಾರೂ ಹೋಗಿಲ್ಲವೆಂದು ಸ್ವಲ್ಪ ಸಪ್ಪಗಾದವನ ಹಾಗೆ ಸೀಟಿಗೆ ಒರಗಿಕೊಂಡ. ಪಕ್ಕದಲ್ಲಿ ಕೂತಿದ್ದ ಹೆಂಗಸು ಇಬ್ಬರ ಮುಖವನ್ನೂ ನೋಡಿ, ಅವಳಿಗೆ ಏನು ತಿಳಿಯಿತೋ, ಮಡಿಲಲ್ಲಿದ್ದ ಕೂಸಿನ ತಲೆಯ ಮೇಲೆ ಸೆರಗು ಎಳೆದಳು. ಎಳೆದದ್ದು ಗಾಳಿಗೂ ಇರಬಹುದು, ಕಿಟಕಿಗೆ ಗಾಜಿರಲಿಲ್ಲ. ಆದರೆ ರೇವಣಪ್ಪನಿಗೆ ಅದು ಗಾಳಿಗಲ್ಲ ಅಂತಲೇ ಅನಿಸಿತು. ಎಮರ್ಜೆನ್ಸಿ ಹೋಗಿ ವರ್ಷವಾದರೂ ಗೋಡೆಗಳ ಮೇಲೆ ಹಾಗೇ ಉಳಿದಿದ್ದ ಕುಟುಂಬ ಯೋಜನೆಯ ಕೆಂಪು ತ್ರಿಕೋನಗಳನ್ನು ನೋಡುತ್ತ ಕೂತ.

ಅವನು ಕಡೂರಿನ ಒಂದು ಹೈಸ್ಕೂಲಿನ ಜವಾನ. ಗಂಟೆ ಹೊಡೆಯುವುದು, ಕೋಣೆಗಳಿಗೆ ಬೀಗ ಹಾಕುವುದು, ಹೆಡ್‌ಮಾಸ್ಟರಿಗೆ ಕಾಫಿ ತರುವುದು ಅವನ ಕೆಲಸ. ಆದರೆ ಕಡೂರಿನಿಂದ ಅಜ್ಜಂಪುರದವರೆಗೆ ಅವನನ್ನು ಜವಾನನೆಂದು ನೆನಪಿಟ್ಟುಕೊಂಡವರು ಯಾರೂ ಇಲ್ಲ. ಅವರ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ, ಬೆನ್ನನ್ನು ಗೋಡೆಗೆ ಕೊಟ್ಟು ಕೂರಿಸುತ್ತಾರೆ. ತಲೆ ವಾಲದಂತೆ ಹಣೆಗೆ ಬಿಳಿ ಪಟ್ಟಿ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ಕೂತಂತೆಯೇ ಹೊತ್ತು ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಯಾರು ಬೇಕಾದರೂ ಮಾಡಬಹುದಾದ ಕೆಲಸ, ಯಾರಿಗೂ ಬೇಡದ ಕೆಲಸ. ಮೈ ಸೆಟೆದುಕೊಳ್ಳುವ ಮೊದಲೇ ಆಗಬೇಕು, ಅಳುವ ಮನೆಯಲ್ಲಿ ಅಳದೆ ಇರುವವನೊಬ್ಬ ಬೇಕು. ರೇವಣಪ್ಪನ ಕೈಗೆ ಅದು ಎಲ್ಲಿಂದಲೋ ಬಂದುಬಿಟ್ಟಿತ್ತು. ಅವನು ಕೂರಿಸಿದ ಹೆಣ ಊಟ ಮಾಡಿ ತೂಕಡಿಸುತ್ತಿರುವ ಯಜಮಾನನ ಹಾಗೆ ಕಾಣುತ್ತಿತ್ತು, ಯಾವ ಕಡೆಗೂ ವಾಲುತ್ತಿರಲಿಲ್ಲ. ಯಗಟಿಯಿಂದ, ಸಿಂಗಟಗೆರೆಯಿಂದ, ಎಲ್ಲೆಲ್ಲಿಂದಲೋ ಸೈಕಲ್ಲಿನಲ್ಲಿ ಬಂದು ಸ್ಕೂಲಿನ ಗೇಟಿನ ಹತ್ತಿರ ನಿಂತು ಕರೆಯುತ್ತಿದ್ದರು. ಆವತ್ತು ಕೈ ಹಿಡಿದು ಕರೆದುಕೊಂಡು ಹೋದ ಜನವೇ, ಮದುವೆಮನೆಯಲ್ಲಿ ಅವನು ಅಕ್ಷತೆ ಹಾಕಲು ಮುಂದೆ ಬಂದರೆ, "ರೇವಣ್ಣ, ಆ ಕಡೆ ಎಲೆ ಹಾಕ್ತಾ ಅವ್ರೆ, ಊಟ ಮುಗಿಸ್ಕಂಡ್ಬಿಡಿ" ಅಂತ ಪಂಕ್ತಿಯ ಕಡೆಗೆ ಕೈ ತೋರಿಸುತ್ತಿದ್ದರು. ಅವನು ಹೋಗಿ ಊಟ ಮಾಡುತ್ತಿದ್ದ. ಪಾಯಸ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ.

ಚೀಲದಲ್ಲಿ ಅಣ್ಣನ ಮಾತ್ರೆಗಳಿದ್ದವು. ಅಣ್ಣ ಈರಭದ್ರಪ್ಪ ಅಜ್ಜಂಪುರದ ಮನೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದ. ಹರೆಯದಿಂದಲೂ ಹತ್ತಿ ಬಿಡಿಸುವ ಗಿರಣಿಯಲ್ಲಿ ದುಡಿದವನು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಬಿಳಿ ಎಳೆಗಳಾಗಿ ಮುದುಕನ ಹಾಗೆ ಕಾಣುತ್ತಿದ್ದ. ಹಿತ್ತಲಲ್ಲಿ ಮುಖ ತೊಳೆದುಕೊಂಡು ಬಂದರೆ ಮತ್ತೆ ಹುಡುಗ. ಒಳಗೆ ಹೋದದ್ದನ್ನು ತೊಳೆಯಲು ಆಗಲಿಲ್ಲ. ಬೆಳಿಗ್ಗೆ ತರೀಕೆರೆಯ ಡಾಕ್ಟರು ಹಳೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮತ್ತೆ ಲಕೋಟೆಗೆ ತುರುಕಿ, "ನೋಡಪ್ಪ, ಇದು ವಾಸಿ ಆಗೋದಲ್ಲ, ಅದು ನಿನಗೂ ಗೊತ್ತು. ಇನ್ನು ನಮ್ಮ ಕೈಲಿರೋದು ಅವರ ಸಂಕಟ ಕಮ್ಮಿ ಮಾಡೋದೊಂದೇ. ಮಲಗಿಸಬೇಡಿ. ಮಲಗಿಸಿದರೆ ನೀರಲ್ಲಿ ಮುಳುಗಿಸಿದ ಹಾಗೆ ಆಗುತ್ತೆ ಅವರಿಗೆ. ಕೂರಿಸಿ" ಅಂದಿದ್ದರು. ಆಮೇಲೂ ಏನೇನೋ ಹೇಳಿದರು. ಮೇಜಿನ ಮೇಲೆ ಎರಡೂ ತೋಳು ಚಾಚಿ ಬಾಗಿ ತೋರಿಸಿದರು, ಮುಖಕ್ಕೆ ಗಾಳಿ ಬೀಸುತ್ತಿರಬೇಕು ಅಂದರು, ಹೆದರಿಸಬೇಡಿ ಅಂದರು. ರೇವಣಪ್ಪ ತಲೆಯಾಡಿಸುತ್ತಲೇ ಇದ್ದ. ಕೂರಿಸಿ ಎಂಬ ಒಂದು ಮಾತು ಬಿಟ್ಟರೆ ಅವನ ಕಿವಿಯಲ್ಲಿ ಬೇರೇನೂ ನಿಲ್ಲಲಿಲ್ಲ. ಇವರಿಗೆ ಯಾರೋ ಹೇಳಿಬಿಟ್ಟಿದ್ದಾರೆ, ನಾನು ಯಾರು ಅಂತ ಗೊತ್ತಾಗಿಯೇ ಹೀಗೆ ಅನ್ನುತ್ತಿದ್ದಾರೆ ಎಂದುಕೊಂಡ. ಡಾಕ್ಟರ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಅವರು ಆಗಲೇ ಮುಂದಿನವರನ್ನು ಕರೆಯುತ್ತಿದ್ದರು.

ಕೆರೆ ಏರಿಯ ಮೇಲೆ ಬಸ್ಸು ನಿಧಾನವಾಯಿತು. ಮುಂದಿನ ಸೀಟಿನ ಮುದುಕನೊಬ್ಬ ತೂಕಡಿಸುತ್ತಿದ್ದ, ತಲೆ ಎಡಕ್ಕೇ ಬೀಳುತ್ತಿತ್ತು. ಇವನಿಗೆ ಬಲಗಡೆಯಿಂದ ಪಟ್ಟಿ ತರಬೇಕು ಎಂದು ರೇವಣಪ್ಪನ ಮನಸ್ಸು ಅದರ ಪಾಡಿಗೆ ಅದು ಅಂದುಕೊಂಡಿತು. ಥೂ, ಎಂದು ತನ್ನನ್ನೇ ಬೈದುಕೊಂಡ. ಹೋದ ಸಲ ಅಜ್ಜಂಪುರಕ್ಕೆ ಹೋಗಿದ್ದಾಗಲೂ ಹೀಗೇ ಆಗಿತ್ತು. ಅಣ್ಣ ಚಾಪೆಯ ಮೇಲೆ ಮೊಣಕೈ ಊರಿ ಅರ್ಧ ಎದ್ದುಕೊಂಡು ಬಾಯಿ ತೆರೆದು ಗಾಳಿ ಎಳೆಯುತ್ತಿದ್ದ; ಇವನ ಕಣ್ಣು ಅಣ್ಣನ ಕತ್ತಿನಿಂದ ಗೋಡೆಯ ಗೂಟಕ್ಕೆ ಎಷ್ಟು ದೂರ ಅಂತ ಅಳೆದು ಮುಗಿಸಿತ್ತು. ಅಣ್ಣನಿಗೆ ಗೊತ್ತಾಯಿತು. "ಏನ್ಲಾ... ಅಳತೆ ತಗಳ್ತಿದೀಯಾ?" ಅಂದು ನಗಲು ಹೋದ, ನಗು ಕೆಮ್ಮಾಗಿ, ಕೆಮ್ಮು ಕಣ್ಣೀರಾಗಿ, ತುಟಿಯ ಬಣ್ಣ ನೇರಳೆಗೆ ತಿರುಗಿತು. ಅತ್ತಿಗೆ ಶಂಕರಮ್ಮ ಅಡುಗೆಮನೆಯಿಂದ ಓಡಿಬಂದಳು. ಗಂಡನನ್ನು ಹಿಡಿದುಕೊಂಡು ಮೈದುನನ ಕಡೆ ನೋಡಿದ ಆ ನೋಟವನ್ನು ರೇವಣಪ್ಪ ಕಡೂರಿನವರೆಗೂ ಹೊತ್ತುಕೊಂಡು ಬಂದಿದ್ದ. ಆಮೇಲೆ ಅವನು ಆ ಕಡೆ ಹೋಗಿರಲಿಲ್ಲ. ಪರೀಕ್ಷೆ ನಡೀತಾ ಐತೆ, ಬೀಗದ ಕೈ ನನ್ನ ಹತ್ರವೇ ಐತೆ ಅಂತ ಹೇಳಿ ಕಳಿಸಿದ. ಅದು ಹೇಡಿತನ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಗಿತ್ತು. ಈಗಲೂ ಅವನಾಗಿ ಹೊರಟದ್ದಲ್ಲ. ಅಣ್ಣನ ಒಬ್ಬಳೇ ಮಗಳು ಲಕ್ಕವಳ್ಳಿಯ ಗಂಡನ ಮನೆಯಲ್ಲಿ ಬಾಣಂತಿ. ತರೀಕೆರೆಗೆ ಹೋಗಿಬರಲು ಬೇರೆ ಗಂಡಸರಿಲ್ಲವೆಂದು ಅತ್ತಿಗೆಯೇ ಎಕ್ಸ್‌ರೇ ಕೊಟ್ಟು ಹೇಳಿ ಕಳಿಸಿದ್ದಳು. ತಂದು ಬಾಗಿಲಲ್ಲಿ ಕೊಟ್ಟರೆ ಸಾಕಂತೆ ಎಂಬುದನ್ನೂ ಸುದ್ದಿ ತಂದವನು ಬೇರೆ ಕಡೆ ನೋಡುತ್ತ ಸೇರಿಸಿದ್ದ.

ಅಜ್ಜಂಪುರದಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಗಿರಣಿಗೆ ಹೋಗುವ ರಸ್ತೆಯ ಉದ್ದಕ್ಕೂ ಜಾಲಿಯ ಮುಳ್ಳುಗಳಿಗೆ ಗಾಡಿಗಳಿಂದ ಉದುರಿದ ಹತ್ತಿ ಸಿಕ್ಕಿಕೊಂಡಿತ್ತು. ಗಾಳಿಯೆಂಬುದು ಒಂದು ಚೂರೂ ಇರಲಿಲ್ಲ. ಆದರೂ ಹತ್ತಿ ಅಲ್ಲಾಡುತ್ತಿತ್ತು, ಒಂದು ಸಲ ಒಳಕ್ಕೆ, ಒಂದು ಸಲ ಹೊರಕ್ಕೆ. ರೇವಣಪ್ಪ ನಿಂತು ನೋಡಿದ. ನಿಂತರೆ ಹತ್ತಿಯೂ ನಿಂತಂತೆ ಕಂಡಿತು. ತಲೆಗೆ ಬಿಸಿಲು ಹತ್ತಿದೆ ಎಂದುಕೊಂಡು ಬೇಗ ಬೇಗ ಹೆಜ್ಜೆ ಹಾಕಿದ. ಬೀದಿಗೆ ತಿರುಗುತ್ತಿದ್ದಂತೆ ಜಗಲಿಯ ಮೇಲೆ ಕಾಳು ಆರಿಸುತ್ತಿದ್ದ ಈರಕ್ಕ ಅವನನ್ನು ಕಂಡಳು. ಅವಳ ಕೈ ಮೊರದಲ್ಲೇ ನಿಂತಿತು. "ಅಯ್ಯೋ ಶಿವನೇ, ಹೋದ್ರಾ? ಈಗ್ತಾನೆ ಕೆಮ್ಮೋದು ಕೇಳುಸ್ತಿತ್ತಲ್ಲಪ್ಪ!" ಎಂದು ಎದ್ದೇಬಿಟ್ಟಳು. "ಇಲ್ಲ ಈರಕ್ಕ, ಏನೂ ಆಗಿಲ್ಲ, ಮಾತ್ರೆ ಕೊಡಾಕೆ ಬಂದೆ" ಅಂದರೂ ನಂಬಲಿಲ್ಲ. ಎದೆಗೆ ಕೈ ಇಟ್ಟುಕೊಂಡು, ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು. ಆ ಬಾಗಿಲ ಸಂದಿಯಿಂದ ಅವಳು ತನ್ನನ್ನೇ ನೋಡುತ್ತಿದ್ದಾಳೆಂದು ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ನಾನು ಬಂದೆ ಅಂದರೆ ಸತ್ತರು ಅಂತಲೇ ಲೆಕ್ಕ. ಹಾಗಾದರೆ ನಾನು ಬಾರದಿದ್ದರೆ ಅಣ್ಣ ಬದುಕಿಯಾನೇ? ಈ ಯೋಚನೆ ಇವತ್ತಿನದಲ್ಲ, ಇಷ್ಟು ದಿನ ಅವನನ್ನು ಕಡೂರಿನಲ್ಲಿ ಹಿಡಿದಿಟ್ಟದ್ದೇ ಇದು.

ಮನೆ ಇನ್ನೂ ದೂರವಿರುವಾಗಲೇ ಉಸಿರು ಕೇಳಿಸಿತು. ಕೊಳವೆಯ ತುದಿಯಲ್ಲಿ ನೀರು ಮುಗಿದು ಬರಿ ಗಾಳಿ ಗೊರಗುಟ್ಟುವಂಥ ಸದ್ದು. ರೇವಣಪ್ಪ ಹೊಸಲಿನ ಮುಂದೆ ನಿಂತ. ಆ ಸದ್ದನ್ನು ಅವನು ಮೊದಲೂ ಕೇಳಿದ್ದ. ಯಗಟಿಯಲ್ಲಿ ತಿಮ್ಮಕ್ಕ ಎಂಬ ಮುದುಕಿಯನ್ನು ಕೂರಿಸುವಾಗ, ಸೊಂಟ ಬಗ್ಗಿಸಿ ಬೆನ್ನು ನೆಟ್ಟಗೆ ಮಾಡಿದ ಕೂಡಲೇ ಅವಳ ಬಾಯಿಂದ ಹೀಗೇ ಒಂದು ಉಸಿರು ಬಂದಿತ್ತು, ಹಾ ಎಂದು, ಇದೇನು ಮಾಡ್ತಿದೀಯ ಎಂದು ಕೇಳುವ ಹಾಗೆ. ಒಳಗೆ ಉಳಿದ ಗಾಳಿ ಹಾಗೆ ಬರುತ್ತದೆ, ಎಷ್ಟೋ ಸಲ ಬಂದಿದೆ, ಮೈ ಆಗಲೇ ತಣ್ಣಗಾಗಿತ್ತು, ಅಯ್ಯನೋರೂ ಪಕ್ಕದಲ್ಲೇ ಇದ್ದರು. ಇದೆಲ್ಲ ಅವನಿಗೆ ಗೊತ್ತಿತ್ತು. ಆದರೂ ಆಮೇಲೆ ಎಷ್ಟೋ ದಿನ ಸ್ಕೂಲಿನ ಖಾಲಿ ಕೋಣೆಗೆ ಬೀಗ ಹಾಕಿ ತಿರುಗುವಾಗ ಒಳಗಿನಿಂದ ಹಾ ಎಂದು ಕೇಳಿಸುತ್ತಿತ್ತು. ಬೀಗ ತೆಗೆದು ನೋಡುತ್ತಿದ್ದ. ಬೆಂಚುಗಳಿರುತ್ತಿದ್ದವು.

ಶಂಕರಮ್ಮ ಬಾಗಿಲಿಗೆ ಬಂದಳು. ನಿದ್ದೆಯಿಲ್ಲದೆ ಕಣ್ಣು ಗುಳಿ ಬಿದ್ದಿದ್ದವು, ಕೂದಲು ಬಾಚಿ ಎಷ್ಟು ದಿನವಾಗಿತ್ತೋ. ಹೊಸಲಿನ ಒಳಗೆ ನಿಂತೇ ಕೈ ಚಾಚಿದಳು. "ಏನಂದ್ರು ಡಾಕ್ಟ್ರು?"

ಹೇಳಬೇಕಾದ ಮಾತು ರೇವಣಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಕೂರಿಸಬೇಕಂತೆ ಅತ್ಗೆಮ್ಮ. ಅಷ್ಟೇ. ಆದರೆ ಅದನ್ನು ಬೇರೆ ಯಾರು ಹೇಳಿದರೂ ಔಷಧಿಯ ಮಾತು, ತಾನು ಹೇಳಿದರೆ? ಕೈ ತುರಿಸುತ್ತಿದೆಯೇನೋ ನಿನಗೆ ಎಂದು ಆಕೆ ಕೇಳಿಯೇಬಿಡಬಹುದು. "ಮಾತ್ರೆ ಕೊಟ್ಟವ್ರೆ," ಅಂದ. "ನೀರಲ್ಲಿ ಕೊಡಬೇಕಂತೆ." ಪೊಟ್ಟಣ ಅವಳ ಕೈಗೆ ಹೋಯಿತು. ಇನ್ನು ಹೊರಡಬಹುದಿತ್ತು, ಮುಂದಿನ ಬಸ್ಸೂ ಇತ್ತು. ಅಷ್ಟರಲ್ಲಿ ಒಳಗಿನಿಂದ ಆ ಗೊರಗೊರದ ನಡುವೆ ತುಂಡು ತುಂಡಾಗಿ ದನಿ ಬಂತು. "ರೇವಣ್ಣನೇನೇ... ಒಳಗೆ... ಬರಲಿ." ಶಂಕರಮ್ಮ ಕದ ಹಿಡಿದುಕೊಂಡೇ ಒಳಗೆ ತಿರುಗಿ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ನಡುಮನೆಯಲ್ಲಿ ಈರಭದ್ರಪ್ಪ ಚಾಪೆಯ ಮೇಲೆ ಮಲಗಿದ್ದ. ಮಲಗಿದ್ದ ಎನ್ನುವುದು ತಪ್ಪು, ಮಲಗಿಸಲ್ಪಟ್ಟಿದ್ದ. ಮೊಣಕೈ ಊರಿ ಏಳುತ್ತಿದ್ದ. ಶಂಕರಮ್ಮ ಬಂದು ಎದೆಯ ಮೇಲೆ ಮೆಲ್ಲಗೆ ಕೈಯಿಟ್ಟು, "ಮಲಗ್ರಿ, ಮಲಗಿದ್ರೆ ನಿದ್ದೆ ಬತ್ತದೆ" ಎಂದು ಕೆಳಗೆ ಒತ್ತುತ್ತಿದ್ದಳು. ಬೆನ್ನು ಚಾಪೆಗೆ ತಾಗಿದ ಕೂಡಲೇ ಅವನ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿದ್ದವು, ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದು ನಿಲ್ಲುತ್ತಿದ್ದವು, ಮತ್ತೆ ಮೊಣಕೈ ಹುಡುಕುತ್ತಿದ್ದ. ಅವಳು ಮಾಡುತ್ತಿದ್ದದ್ದು ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಹಗಲೂ ಇರುಳೂ ಹೀಗೇ ನಡೆದಿದೆ ಅನ್ನುವುದು ಒಂದು ನೋಟಕ್ಕೆ ರೇವಣಪ್ಪನಿಗೆ ಗೊತ್ತಾಯಿತು. ಅವಳ ಕೈಯಡಿಯಲ್ಲಿ ಅಣ್ಣ ಮುಳುಗುತ್ತಿದ್ದ. ಆಗೆಲ್ಲ ತಾನು ಕಡೂರಿನಲ್ಲಿ ಗಂಟೆ ಹೊಡೆದುಕೊಂಡು ಕೂತಿದ್ದನಲ್ಲ.

ಎದುರಿಗೆ ಆ ಗೋಡೆ. ಅಪ್ಪನನ್ನು ಕೂರಿಸಿದ ಗೋಡೆ. ಎಷ್ಟು ಸಲ ಸುಣ್ಣ ಬಳಿದರೂ ಅಪ್ಪನ ತಲೆಯ ಎಣ್ಣೆಯ ಗುರುತು ಗೂಟದ ಕೆಳಗೆ ಹಳದಿಯಾಗಿ ಮೂಡಿ ಬರುತ್ತಿತ್ತು, ಈಗಲೂ ಇತ್ತು. ಕಳೆದ ಸಲಕ್ಕಿಂತ ಸ್ವಲ್ಪ ಮೇಲೆ ಬಂದ ಹಾಗೆ, ಎದ್ದು ಕೂತ ಹಾಗೆ ಕಂಡಿತು. ಅಪ್ಪ ಕಾಯಿಲೆಯಲ್ಲಿದ್ದಾಗ ಹೊಸ ಸೊಸೆ ಶಂಕರಮ್ಮ ಗಂಜಿ ಕುಡಿಸಲೆಂದು ಅದೇ ಗೋಡೆಗೆ ಒರಗಿಸಿ ಕೂರಿಸಿದ್ದಳು. ಗಂಜಿ ಬಾಯಲ್ಲಿದ್ದಂತೆಯೇ ಅಪ್ಪನ ಜೀವ ಹೋಯಿತು. ಕೂರಿಸಿದವಳು ನಾನೇ ಎಂದು ಅವಳು ಅತ್ತದ್ದು ಊರಿಗೇ ಗೊತ್ತು. ಅಣ್ಣನಿಗೆ ಹೆಣ ಮುಟ್ಟಲು ಧೈರ್ಯ ಬರಲಿಲ್ಲ, ಕಂಬ ತಬ್ಬಿಕೊಂಡು ನಿಂತಿದ್ದ. ಆಗ ಇನ್ನೂ ಮೀಸೆ ಸರಿಯಾಗಿ ಬಾರದಿದ್ದ ರೇವಣಪ್ಪನೇ ಮುಂದೆ ಬಂದು ಅಪ್ಪನನ್ನು ನೆಟ್ಟಗೆ ಕೂರಿಸಿ ಪಟ್ಟಿ ಕಟ್ಟಿದ. "ಭೇಷ್, ಇವನ ಕೆಲಸ ಎಷ್ಟು ಹಸನಾಗೈತೆ ನೋಡಿ" ಎಂದರು ಅಯ್ಯನೋರು. ಅಪ್ಪ ಸತ್ತ ದಿನ ಅವನಿಗೆ ಖುಷಿಯಾಗಿತ್ತು. ಆ ಖುಷಿಯನ್ನು ಅವನು ಯಾವತ್ತೂ ತನ್ನಲ್ಲಿ ಕ್ಷಮಿಸಿಕೊಂಡಿರಲಿಲ್ಲ.

"ಲೇ ರೇವಣ್ಣ," ಅಂದ ಈರಭದ್ರಪ್ಪ. ಒಂದೊಂದು ಮಾತಿಗೂ ಒಂದೊಂದು ಬೆಟ್ಟ ಹತ್ತುತ್ತಿದ್ದ. "ನನ್ನ... ಕೂರಿಸೋ."

"ಏನ್ ಮಾತು ಅಂತ ಆಡ್ತೀರಿ!" ಶಂಕರಮ್ಮ ಕೂಗಿದಳು. "ರೇವಣ್ಣ, ಮುಟ್ಟಬೇಡ ನೀನು. ಜೀವ ಇರೋರನ್ನ ಈ ಮನೇಲಿ ಗೋಡೆಗೆ ಕೂರಿಸಲ್ಲ. ಒಂದು ಸಲ ಕೂರಿಸಿ ಅನುಭವಿಸಿದೀನಿ. ಮಾವನೋರು ಆವತ್ತು ಕೂತೋರು ಏಳಲಿಲ್ಲ."

"ಡಾಕ್ಟ್ರೂ ಅದನ್ನೇ ಅಂದ್ರು ಅತ್ಗೆಮ್ಮ," ಅಂದ ರೇವಣಪ್ಪ. "ಮಲಗಿಸಲೇಬಾರದಂತೆ. ಕೂರಿಸಬೇಕಂತೆ."

"ಮತ್ತೆ ಬಾಗ್ಲಲ್ಲಿ ಕೇಳಿದ್ನಲ್ಲ, ಆಗ್ಯಾಕೆ ಹೇಳ್ಲಿಲ್ಲ?"

"ಹೆದ್ರಿಕೆ ಆಯ್ತು."

"ನಿಂಗೆ ಹೆದ್ರಿಕೆಯಾ? ನಿನ್ನ ಕಂಡ್ರೆ ಊರೇ ಬಾಗ್ಲು ಹಾಕ್ಕತದಲ್ಲೋ." ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಿತ್ತು. ಈರಭದ್ರಪ್ಪ ಅವಳ ಸೆರಗಿನ ತುದಿ ಹಿಡಿದು ಎಳೆದ. "ಶಂಕರಿ... ಬಿಡೇ... ಸಾಕಾಯ್ತು ನಂಗೆ." ಅವಳು ಗಂಡನ ಮುಖವನ್ನು ನೋಡಿದಳು, ಆ ತುಟಿಗಳ ಬಣ್ಣ ನೋಡಿದಳು. "ಏನಾದ್ರೂ ಮಾಡ್ಕಳಿ" ಎಂದು ಎದ್ದು, ಮಾತ್ರೆಗೆ ನೀರು ತರಲು ಒಳಗೆ ಹೋದಳು. ಹೋಗುವಾಗ ಗೋಡೆಯ ಕಡೆ ನೋಡಲಿಲ್ಲ.

ರೇವಣಪ್ಪ ಅಣ್ಣನ ಕಂಕುಳಿಗೆ ಕೈ ಕೊಟ್ಟ. ಮೈ ಬಿಸಿಯಾಗಿತ್ತು, ಒದ್ದೆಯಾಗಿತ್ತು, ಅಲ್ಲಾಡುತ್ತಿತ್ತು. ಅವನ ಕೈ ಬೆಚ್ಚಿ ಹಿಂದಕ್ಕೆ ಬಂತು. ಇಷ್ಟು ವರ್ಷ ಅವನ ಕೈಯಲ್ಲಿ ಯಾರೂ ಅಲ್ಲಾಡಿರಲಿಲ್ಲ. ಮತ್ತೆ ಕೊಟ್ಟ. ಆಮೇಲೆ ಎಲ್ಲ ಕೈಗಳೇ ಮಾಡಿದವು, ಅವನು ಬರಿ ನೋಡುತ್ತಿದ್ದ ಹಾಗಿತ್ತು. ಎತ್ತಿ ಎಳೆದು ಬೆನ್ನನ್ನು ಗೋಡೆಗೆ ಕೊಟ್ಟವು. ಕಾಲು ಮಡಿಸಿ ಚಕ್ಕಳಮಕ್ಕಳ ಹಾಕಿಸಿದವು. ಸೊಂಟವನ್ನು ಹಿಂದಕ್ಕೆ ಒತ್ತಿದವು. ತಲೆ ಮುಂದೆ ಬಿತ್ತು, ಬೀಳುವುದೇ. ಅಣ್ಣನ ಹೆಗಲ ಮೇಲಿದ್ದ ಟವಲು ತೆಗೆದು ಉದ್ದಕ್ಕೆ ಮಡಿಸಿ ಹಣೆಗೆ ಸುತ್ತಿ ಗೂಟಕ್ಕೆ ಬಿಗಿದು ಗಂಟು ಹಾಕಿದವು. ಗದ್ದ ಮೇಲೆದ್ದಿತು. ತಲೆ ಸರಿಯಾಗಿ ಆ ಎಣ್ಣೆಯ ಗುರುತಿನ ಮೇಲೆ ಹೋಗಿ ಕೂತಿತು. ಎಡಕ್ಕಿಲ್ಲ, ಬಲಕ್ಕಿಲ್ಲ. ಎಷ್ಟು ಹಸನಾಗಿದೆ ಎಂದು ರೇವಣಪ್ಪನಿಗೆ ಅನಿಸಿತು. ಹೌದು, ಆ ಕ್ಷಣದಲ್ಲಿ ಅವನಿಗೆ ಅನಿಸಿದ್ದು ಅದೇ.

ಹಿಂದೆ ತಂಬಿಗೆ ಬಿದ್ದ ಸದ್ದಾಯಿತು. ಶಂಕರಮ್ಮ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದಳು. ಅವಳು ನೋಡುತ್ತಿದ್ದದ್ದು ಏನೆಂದು ರೇವಣಪ್ಪನಿಗೂ ಆಗ ಕಂಡಿತು. ಗೋಡೆಗೆ ಕೂತಿದ್ದದ್ದು ಹೆಣ. ಹೆಣದ ಕಣ್ಣು ಮಾತ್ರ ಅವನನ್ನೇ ದುರುಗುಟ್ಟಿ ನೋಡುತ್ತಿದ್ದವು. ಹಿಂದಕ್ಕೆ ಎಳೆದ ಕುತ್ತಿಗೆಯಲ್ಲಿ ಗಾಳಿ ಹೋಗಲು ದಾರಿಯಿರಲಿಲ್ಲ. ಬಾಯಿ ತೆರೆದಿತ್ತು, ಎದೆ ಎದ್ದೆದ್ದು ಬೀಳುತ್ತಿತ್ತು, ಬೆರಳುಗಳು ಚಾಪೆಯನ್ನು ಕೀಳುತ್ತಿದ್ದವು. ಹಾ, ಎಂದಿತು ಬಾಯಿ. ಯಗಟಿಯ ಮುದುಕಿಯ ಬಾಯಿಯೇ. ರೇವಣಪ್ಪನ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು. ಕಟ್ಟುವುದು ಆ ಕೈಗಳಿಗೆ ಗೊತ್ತಿತ್ತು. ಬಿಚ್ಚುವುದು ಗೊತ್ತಿರಲಿಲ್ಲ, ಅವನು ಹಾಕುತ್ತಿದ್ದದ್ದು ಬಿಚ್ಚಬೇಕಾದ ಗಂಟೇ ಅಲ್ಲ. ಕೊಂದೆ, ಅಣ್ಣನನ್ನು ಕೊಂದೆ ಎಂದು ಒಳಗೆ ಯಾರೋ ಹೇಳುತ್ತಿದ್ದರು. ಶಂಕರಮ್ಮನೇ ಓಡಿಬಂದು ಅವನನ್ನು ತಳ್ಳಿ, ಟವಲನ್ನು ಗೂಟದಿಂದ ಎಳೆದಳು, ಬರಲಿಲ್ಲ, ಗಂಟಿಗೆ ಹಲ್ಲು ಹಾಕಿ ಎಳೆದಳು. ಗಂಟು ಸಡಿಲವಾಯಿತು.

ಈರಭದ್ರಪ್ಪ ಮುಂದಕ್ಕೆ ಬಿದ್ದ. ಎದುರಿಗೆ ಮಂಡಿಯೂರಿದ್ದ ರೇವಣಪ್ಪನ ಹೆಗಲಿನ ಮೇಲೆ ಬಿದ್ದ. ಎದೆಗೆ ಎದೆ ತಾಗಿತು, ಎರಡು ತೋಳೂ ತಮ್ಮನ ಬೆನ್ನಿನ ಮೇಲೆ ಜೋತುಬಿದ್ದವು. ಹಾಗೆ ಬಿದ್ದವನ ಒಳಗೆ, ಕಿವಿಯ ಪಕ್ಕದಲ್ಲೇ, ಒಂದು ಉಸಿರು ಹೋಯಿತು. ಪೂರ್ತಿ ಹೋಯಿತು. ಇನ್ನೊಂದು ಹೋಯಿತು. ರೇವಣಪ್ಪನಿಗೆ ಡಾಕ್ಟರು ಕಂಡರು, ಮೇಜಿನ ಮೇಲೆ ತೋಳು ಚಾಚಿ ಮುಂದಕ್ಕೆ ಬಾಗಿದ ಡಾಕ್ಟರು, ನೋಡು ಹೀಗೆ ಎಂದ ಡಾಕ್ಟರು. ಹಿಂದಕ್ಕಲ್ಲ, ಮುಂದಕ್ಕೆ. ಕಣ್ಣೆದುರಿಗೇ ತೋರಿಸಿದ್ದರಲ್ಲ, ಎಲ್ಲಿತ್ತು ತನ್ನ ಬುದ್ಧಿ? ಮನೆಯಲ್ಲಿ ಮೇಜಿರಲಿಲ್ಲ. "ಅತ್ಗೆಮ್ಮ, ಹಿಡ್ಕ, ಒಂದು ಚಣ ಹಿಡ್ಕ" ಅಂದ. ಅವಳು ಗಂಡನನ್ನು ತಬ್ಬಿ ಹಿಡಿದುಕೊಂಡಾಗ ರೇವಣಪ್ಪ ತಿರುಗಿ ಅಣ್ಣನ ಮುಂದೆ ಬೆನ್ನು ಕೊಟ್ಟು ಕೂತ. ಅಣ್ಣನ ತೋಳುಗಳನ್ನು ತನ್ನ ಎರಡು ಹೆಗಲ ಮೇಲಿಂದ ಎದೆಗೆ ಎಳೆದುಕೊಂಡ. ಅಣ್ಣನ ಎದೆ ಅವನ ಬೆನ್ನಿಗೆ, ಅಣ್ಣನ ಕೆನ್ನೆ ಅವನ ಹೆಗಲಿಗೆ ಬಂದು ಒರಗಿತು.

"ಬೀಸಣಿಗೆ ತಗ," ಅಂದ. "ಮುಖಕ್ಕೆ ಬೀಸಬೇಕಂತೆ. ಮುಖಕ್ಕೇ."

ಶಂಕರಮ್ಮ ಪಕ್ಕದಲ್ಲಿ ಕೂತು ಬೀಸತೊಡಗಿದಳು. ಮೊದಮೊದಲು ಬೀಸಣಿಗೆ ಒಂದೆರಡು ಸಲ ರೇವಣಪ್ಪನ ಕಿವಿಗೇ ಬಡಿಯಿತು. ಆಮೇಲೆ ಒಂದು ಹದಕ್ಕೆ ಬಂತು. ಗೊರಗೊರ ನಿಲ್ಲಲಿಲ್ಲ, ಆದರೆ ಅದರ ಹಿಂದಿದ್ದ ಗಾಬರಿ ನಿಂತಿತು. ಚಾಪೆ ಕೀಳುತ್ತಿದ್ದ ಬೆರಳುಗಳು ಈಗ ರೇವಣಪ್ಪನ ಅಂಗಿಯ ಗುಂಡಿಯೊಂದನ್ನು ಸುಮ್ಮನೆ ಹಿಡಿದುಕೊಂಡಿದ್ದವು. "ಹಾಂ... ಇದು," ಅಂದ ಈರಭದ್ರಪ್ಪ, ಹೆಗಲಿನ ಒಳಗಿನಿಂದ. ಬಹಳ ಹೊತ್ತಾದ ಮೇಲೆ, "ಎಲ್ಲಿಗ್ಲಾ... ಹೊತ್ಕಂಡ್ ಹೋಗ್ತಿದೀಯ?" ಅಂದ. ರೇವಣಪ್ಪನಿಗೆ ನಗು ಬಂತು, ಜೊತೆಗೇ ಕಣ್ಣೀರು ಬಂತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಇಷ್ಟು ಜನರನ್ನು ಕೂರಿಸಿದವನ ಮೇಲೆ ಯಾರೂ ಹೀಗೆ ಒರಗಿರಲಿಲ್ಲ. ಎಲ್ಲರನ್ನೂ ಅವನು ಗೋಡೆಗೆ ಒಪ್ಪಿಸಿ ಕೈ ತೊಳೆದುಕೊಂಡು ಬಂದಿದ್ದ.

ಬಿಸಿಲು ನಡುಮನೆಯ ಬಾಗಿಲಿನಿಂದ ಹಿಂದೆ ಸರಿಯಿತು. ಬೀದಿಯಲ್ಲಿ ಈರಕ್ಕನ ದನಿ, ಇನ್ನಾರದೋ ದನಿ. ಹೋಗಿದ್ದಾರೋ ಇಲ್ಲವೋ ಎಂದು ಮಾತಾಡಿಕೊಳ್ಳುತ್ತಿರಬೇಕು. ಯಾರೂ ಒಳಗೆ ಬರಲಿಲ್ಲ. ರೇವಣಪ್ಪನ ಸೊಂಟ ಹಿಡಿದುಕೊಂಡಿತ್ತು, ಕಾಲು ಮರಗಟ್ಟಿದ್ದವು, ಆದರೆ ಅವನು ಅಲ್ಲಾಡಲಿಲ್ಲ. ಅಣ್ಣನ ಉಸಿರು ಕತ್ತಿನ ಹಿಂದೆ ಬೆಚ್ಚಗೆ ತಾಗುತ್ತಿತ್ತು, ಹೋಗುತ್ತಿತ್ತು, ತಾಗುತ್ತಿತ್ತು. ನಿದ್ದೆಯ ಉಸಿರು. ಒಂದು ತಾಗಿ ಇನ್ನೊಂದು ಬರುವುದರೊಳಗೆ ಈಗ ತುಂಬ ಹೊತ್ತಾಗುತ್ತಿತ್ತು. ಶಂಕರಮ್ಮ ಬೀಸುತ್ತ ಬೀಸುತ್ತ ಮಾತಿಗೆ ತೊಡಗಿದ್ದಳು, ಯಾರಿಗೆಂದಲ್ಲ: ಮಗಳ ಕೂಸಿಗೆ ಹೆಸರಿಡುವುದು ಹತ್ತಿರ ಬಂತು, ಇವರು ಸ್ವಲ್ಪ ಚೇತರಿಸಿಕೊಂಡರೆ ಲಕ್ಕವಳ್ಳಿಗೆ ಬಸ್ಸಿನಲ್ಲಿ ಹೀಗೇ ಒರಗಿಸಿಕೊಂಡು ಹೋಗಬಹುದು, ಡ್ಯಾಮಿನ ಹತ್ತಿರ ಗಾಳಿ ಚೆನ್ನಾಗಿರುತ್ತದಂತೆ. ಅವಳ ದನಿ ಹಗುರವಾಗಿತ್ತು. ಆ ದನಿಯನ್ನು ಅವನು ಕೇಳಿ ವರ್ಷಗಳಾಗಿದ್ದವು.

ಆಗ ಬೆನ್ನಿನ ಮೇಲಿನ ಭಾರ ಬದಲಾಯಿತು.

ಹೆಚ್ಚಾಗಲಿಲ್ಲ, ಕಮ್ಮಿಯಾಗಲಿಲ್ಲ. ಇಷ್ಟು ಹೊತ್ತು ಒರಗಿಕೊಂಡಿದ್ದದ್ದು ಈಗ ಬರಿ ಇತ್ತು. ಬೇರೆ ಯಾರಿಗಾದರೂ ತಿಳಿಯುತ್ತಿರಲಿಲ್ಲ. ರೇವಣಪ್ಪ ಕತ್ತಿನ ಹಿಂದೆ ಆ ಬೆಚ್ಚನೆಯ ಗಾಳಿಗೆ ಕಾದ. ಬೀಸಣಿಗೆಯ ತಣ್ಣನೆಯ ಗಾಳಿ ಬಂತು. ಮತ್ತೆ ಕಾದ. ಬೀಸಣಿಗೆಯದೇ ಬಂತು. ಅಂಗಿಯ ಗುಂಡಿ ಹಿಡಿದಿದ್ದ ಬೆರಳುಗಳನ್ನು ತನ್ನ ಕೈಯಿಂದ ಮುಚ್ಚಿ ನೋಡಿದ. ಈರಭದ್ರಪ್ಪ ಹೋಗಿದ್ದ. ಒದ್ದಾಡದೆ, ಹೆದರದೆ, ಅವನ ಬೆನ್ನ ಮೇಲೆ ನಿದ್ದೆಯಲ್ಲೇ ಹೋಗಿದ್ದ. ಇನ್ನು ತಡ ಮಾಡಬಾರದು, ಮೈ ಸೆಟೆದುಕೊಳ್ಳುವ ಮುಂಚೆ ಗೋಡೆಗೆ ಕೂರಿಸಬೇಕು, ಅದು ಅವನಷ್ಟು ಚೆನ್ನಾಗಿ ಸುತ್ತಮುತ್ತ ಯಾರಿಗೂ ಗೊತ್ತಿಲ್ಲ. ಅವನು ಏಳಲಿಲ್ಲ.

ಶಂಕರಮ್ಮ ಬಗ್ಗಿ ಗಂಡನ ಮುಚ್ಚಿದ ಕಣ್ಣುಗಳನ್ನು ನೋಡಿದಳು. ಅವನಿಗೆ ಎಚ್ಚರವಾಗದಿರಲೆಂದು ಪಿಸುಮಾತಿನಲ್ಲಿ, "ಗೊರಕೆನೂ ನಿಂತ್ಹೋಯ್ತು ನೋಡೋ. ಎಂಥಾ ನಿದ್ದೆ," ಅಂದಳು. "ನಿಂಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ, ಮನಸಿಗೆ ಹಚ್ಕಬೇಡ. ಎಂಥಾ ಕೈಗುಣ ಕಣೋ ನಿಂದು. ಇಷ್ಟು ದಿನ ಎಲ್ಲಿ ಹೋಗಿದ್ದೆ ನೀನು?"

ರೇವಣಪ್ಪ ಬಾಯಿ ತೆರೆದ. ಹೇಳಬೇಕಾದ್ದು ಒಂದೇ ಮಾತು, ಅದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದ. ಅಣ್ಣನ ಎರಡೂ ಕೈಗಳನ್ನು ಎದೆಗೆ ಇನ್ನಷ್ಟು ಒತ್ತಿ ಹಿಡಿದುಕೊಂಡ.

"ಇನ್ನೊಂದು ಚೂರು ಬೀಸು ಅತ್ಗೆಮ್ಮ," ಅಂದ.